ನಡತೆ: ತೃಪ್ತಿಕರವಲ್ಲ

ಸೋಮಶೇಖರಪ್ಪ ಮೇಷ್ಟ್ರು ನಮ್ಮ ಕಾಲೇಜಿಗೆ ಬಂದದ್ದು 1983ರಲ್ಲಿ. ಕಡೂರಿನ ಕಡೆಯ ಬಯಲುಸೀಮೆಯವರು. ಅಲ್ಲಿನ ಹೈಸ್ಕೂಲೊಂದರಲ್ಲಿ ಕೆಲವು ವರ್ಷ ಪಾಠ ಮಾಡಿ, ಖಾಸಗಿಯಾಗಿ ಎಂ.ಎ. ಕಟ್ಟಿ ಪಾಸಾಗಿ, ಮೂಡಿಗೆರೆ ದಾಟಿದ ಮೇಲೆ ಸಿಗುವ ನಮ್ಮ ಖಾಸಗಿ ಕಾಲೇಜಿಗೆ ಕನ್ನಡ ಉಪನ್ಯಾಸಕರಾಗಿ ಸೇರಿದರು. ನಾನು ಸೇರಿದ್ದು ಅವರಿಗಿಂತ ಆರು ವರ್ಷ ತಡವಾಗಿ, ಅರ್ಥಶಾಸ್ತ್ರಕ್ಕೆ. ಸ್ಟಾಫ್ ರೂಮಿನಲ್ಲಿ ನಮ್ಮಿಬ್ಬರ ಮೇಜುಗಳು ಒಂದಕ್ಕೊಂದು ತಾಗಿಕೊಂಡಿದ್ದವು. ಬಾಡಿಗೆ ಮನೆಗಳೂ ಒಂದೇ ವಠಾರದಲ್ಲಿದ್ದವು.

ಮೇಷ್ಟ್ರು ಎತ್ತರದ ಆಳು, ಭುಜ ಸ್ವಲ್ಪ ಬಾಗಿತ್ತು. ಜೇಬಿನಲ್ಲಿ ಯಾವಾಗಲೂ ಒಂದು ಕೆಂಪು ಪೆನ್ನು. ಕಣ್ಣಿಗೆ ಬಿದ್ದ ಕನ್ನಡವನ್ನೆಲ್ಲ ತಿದ್ದುವುದು ಅವರ ಚಾಳಿ. ಮದುವೆಗೆ ಕರೆಯಲು ಬಂದವರ ಎದುರೇ ಲಗ್ನಪತ್ರಿಕೆಯ ‘ಆಶಿರ್ವಾದ’ಕ್ಕೆ ದೀರ್ಘ ಹಾಕಿ, “ಇನ್ನೂ ಹಂಚೋದಿದ್ರೆ ಉಳಿದಿದ್ದನ್ನೂ ತನ್ನಿ, ತಿದ್ದಿಕೊಡ್ತೀನಿ” ಅನ್ನುವವರು. ಬಸ್ ಸ್ಟ್ಯಾಂಡಿನ ಹೋಟೆಲೊಂದರ ಮುಂದೆ ‘ಉಟ ತಯಾರಿದೆ’ ಎಂಬ ಹಲಗೆ ಕಂಡು, ಮಾಲೀಕನಿಂದ ಸೀಮೆಸುಣ್ಣ ಇಸಿದುಕೊಂಡು ‘ಊಟ’ ಮಾಡಿದ ಮೇಲೆಯೇ ಒಳಗೆ ಹೋಗಿ ಎಲೆ ಮುಂದೆ ಕೂತವರು. ಹಾಗಂತ ಜಗಳಗಂಟರಲ್ಲ. ಪ್ರಿನ್ಸಿಪಾಲರ ಚೇಂಬರಿಗೆ ಹೋಗಬೇಕಾದರೆ ಮೊದಲು ಹೂಜಿಯ ಹತ್ತಿರ ನಿಂತು ಎರಡು ಲೋಟ ನೀರು ಕುಡಿಯುತ್ತಿದ್ದರು. ಅದಕ್ಕೆ ಕಾರಣವೂ ಇತ್ತು. ಅವರ ಹುದ್ದೆಗೆ ಸರ್ಕಾರದ ಅನುಮೋದನೆ ಸಿಕ್ಕಿರಲಿಲ್ಲ. ಪ್ರತಿ ಜೂನ್‌ನಲ್ಲೂ ಆಡಳಿತ ಮಂಡಳಿ ‘ಈ ವರ್ಷಕ್ಕೆ ಮುಂದುವರಿಸಲಾಗಿದೆ’ ಅಂತ ಒಂದು ಕಾಗದ ಕೊಟ್ಟರೆ ಮೇಷ್ಟ್ರು, ಕೊಡದಿದ್ದರೆ ಇಲ್ಲ. ಹದಿನಾಲ್ಕು ಜೂನ್‌ಗಳನ್ನು ಅವರು ಹೀಗೆ ಕಳೆದಿದ್ದರು.

ಆ ಅಂಜುಬುರುಕ ಮನುಷ್ಯ ಕಾಲೇಜಿಗೆ ಮಾಡಿದ ಒಂದು ದೊಡ್ಡ ಉಪಕಾರವೆಂದರೆ ಗೋಡೆಪತ್ರಿಕೆ. ಲೈಬ್ರರಿಯ ಹೊರಗೋಡೆಗೆ ಗಾಜಿನ ಬಾಗಿಲಿನ ಒಂದು ಹಲಗೆ ಹೊಡೆಸಿ, ಅದಕ್ಕೆ ‘ಹೂಮಳೆ’ ಎಂದು ಹೆಸರಿಟ್ಟರು. ಕಾಫಿ ಗಿಡ ಹೂ ಬಿಡಬೇಕಾದರೆ ಬೇಸಿಗೆಯಲ್ಲಿ ಬೀಳಲೇಬೇಕಾದ ಮಳೆಯ ಹೆಸರು ಅದು. ಎರಡು ವಾರಕ್ಕೊಮ್ಮೆ ಹುಡುಗರು ಬರೆದದ್ದನ್ನು ಓದಿ, ತಿದ್ದಿ, ಹಾಳೆಯ ಮೂಲೆಯಲ್ಲಿ ಕೆಂಪು ಶಾಯಿಯಲ್ಲಿ ‘ಸೋ’ ಎಂದು ಬರೆದು, ಗಾಜಿನ ಬಾಗಿಲಿಗೆ ಬೀಗ ಹಾಕುತ್ತಿದ್ದರು. ಬೀಗದ ಕೈ ಅವರ ಕೊರಳಿನ ಶಿವದಾರದಷ್ಟೇ ಜೋಪಾನ ಎಂದು ನಾವು ತಮಾಷೆ ಮಾಡುತ್ತಿದ್ದೆವು.

ಇಸ್ಮತ್ ಮೊದಲ ಬಿ.ಎ.ಗೆ ಬಂದದ್ದು 1995ರಲ್ಲಿ. ಬಣಕಲ್‌ನ ಜೀಪ್ ಮೆಕ್ಯಾನಿಕ್ ಅಬ್ದುಲ್ ಮಜೀದ್ ಅವರ ಒಬ್ಬಳೇ ಮಗಳು. ಸುತ್ತಲಿನ ಎಸ್ಟೇಟುಗಳ ಅರ್ಧ ಜೀಪುಗಳು ಮಜೀದ್ ಸಾಹೇಬರ ಕೈಯಲ್ಲೇ ಓಡುತ್ತಿದ್ದವು. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟ ಆ ಮನುಷ್ಯನಿಗೆ ಪಾಠ ಹೇಳುವವರೆಂದರೆ ಭಕ್ತಿ. ಅಡ್ಮಿಷನ್ ದಿನ ಸ್ಟಾಫ್ ರೂಮಿನ ಬಾಗಿಲಲ್ಲೇ ನಿಂತು, ಒಳಗೆ ಬನ್ನಿ ಎಂದರೂ ಬಾರದೆ ಹೇಳಿದರು:

“ಮಗ್ಳು ಇನ್ ನಿಮ್ ಕೈಲಿ, ಮೇಷ್ಟ್ರೇ. ತಪ್ಪು ಮಾಡಿದ್ರೆ ನಂಗೆ ಹೇಳಿ ಕಳಿಸೋದೆಲ್ಲ ಬೇಡ, ನೀವೇ ಬೈದ್ಬಿಡಿ.”

ಬೈಯುವ ಪ್ರಸಂಗವೇ ಬರಲಿಲ್ಲ. ಅವಳ ಅಕ್ಷರ ದುಂಡಗಿತ್ತು, ದೂರದಿಂದಲೂ ಓದಬಹುದಿತ್ತು. ಹಾಗಾಗಿ ಮೇಷ್ಟ್ರು ಮೊದಲು ‘ಹೂಮಳೆ’ಗೆ ಬೇರೆಯವರದನ್ನು ನಕಲು ಮಾಡುವ ಕೆಲಸ ಕೊಟ್ಟರು. ಮೂರನೇ ತಿಂಗಳಿಗೆ ಅವಳೇ ಒಂದು ಪುಟ ಬರೆದು ತಂದಳು. ಬೆಳಗಿನ ಬಸ್ಸಿನಲ್ಲಿ ಹುಚ್ಚಮ್ಮ ಎಂಬ ಮುದುಕಿ ಕೋಳಿ ಹಿಡಿದುಕೊಂಡು ಹತ್ತಿದ್ದು, ಕೋಳಿಗೂ ಟಿಕೆಟ್ ತಗೋಬೇಕು ಎಂದು ಕಂಡಕ್ಟರ್ ಹಟ ಹಿಡಿದದ್ದು, ಹಾಗಾದರೆ ಕೋಳಿಗೆ ಸೀಟು ಕೊಡು ಎಂದು ಮುದುಕಿ ಕೇಳಿದ್ದು, ಇಷ್ಟೇ. ಮೇಷ್ಟ್ರು ಅದನ್ನು ಸ್ಟಾಫ್ ರೂಮಿನಲ್ಲಿ ಓದಿ ಹೇಳಿ, ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಅಲ್ಲಿಂದ ಸುಮಾರು ಒಂದೂವರೆ ವರ್ಷ ‘ಹೂಮಳೆ’ ಹಾಕಿದ ದಿನ ಹುಡುಗರು ಮೊದಲು ಹುಡುಕುತ್ತಿದ್ದುದು ಇಸ್ಮತ್‌ಳ ಪುಟವನ್ನು. ಬರೆದು ತಂದಾಗಲೆಲ್ಲ ಅವಳು ಕೇಳುತ್ತಿದ್ದುದು ಒಂದೇ ಮಾತು: “ಇದ್ರಲ್ಲಿ ತಪ್ಪಿದ್ಯಾ ಸರ್?”

1997ರ ಜನವರಿ. ಕಾಫಿ ಕೊಯ್ಲಿನ ಕಾಲ. ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್‌ಗಳು ಹಗಲೆಲ್ಲ ಓಡುತ್ತವೆ. ಸಿಪ್ಪೆ ತೊಳೆದ ಕೆಂಪು ನೀರು, ಹುಳಿ ಬಂದ ಬೆಲ್ಲದಂಥ ವಾಸನೆಯ ನೀರು, ಹಳ್ಳಕ್ಕೆ ಹರಿಯುತ್ತದೆ. ನಮ್ಮ ಹುಡುಗಿಯರ ಹಾಸ್ಟೆಲಿಗೆ ಕುಡಿಯುವ ನೀರು ಬರುತ್ತಿದ್ದುದೂ ಒಂದು ಹಳ್ಳದಿಂದಲೇ. ಆ ಹಳ್ಳದ ಮೇಲ್ಭಾಗದಲ್ಲಿ ಪಲ್ಪರ್ ಇದ್ದ ಎಸ್ಟೇಟು ನಮ್ಮ ಕಾಲೇಜಿನ ಆಡಳಿತ ಮಂಡಳಿಯ ಅಧ್ಯಕ್ಷರದು.

ಆ ವರ್ಷ ಹಳ್ಳದಲ್ಲಿ ನೀರು ಕಡಿಮೆ ಇತ್ತು. ಹಾಸ್ಟೆಲಿನಲ್ಲಿ ಒಬ್ಬೊಬ್ಬರಿಗೇ ಹೊಟ್ಟೆನೋವು, ವಾಂತಿ, ಮೈ ತುರಿಕೆ ಶುರುವಾಯಿತು. ಸಂಸೆಯ ರೂಪಶ್ರೀ ಎಂಬ ಹುಡುಗಿ ನನ್ನ ಕ್ಲಾಸಿನಲ್ಲೇ ಕುಸಿದು ಬಿದ್ದಳು. ಅವಳನ್ನು ಆಸ್ಪತ್ರೆಗೆ ಸೇರಿಸಿ ಮನೆಗೆ ಹೇಳಿಕಳಿಸಿದೆವು. ವಾರ್ಡನ್ ಮೂರು ಸಲ ಹೇಳಿದರೂ ಆಡಳಿತ ಮಂಡಳಿಯವರು, “ಹಾಸ್ಟೆಲ್ ಊಟದಲ್ಲಿ ಎಣ್ಣೆ ಜಾಸ್ತಿ ಹಾಕ್ಬೇಡಿ” ಎಂದು ಸುಮ್ಮನಾದರು.

ರೂಪಶ್ರೀ ಇಸ್ಮತ್‌ಳ ಗೆಳತಿ. ಇಸ್ಮತ್ ಒಂದು ಭಾನುವಾರ ಹಳ್ಳದ ಗುಂಟ ನಡೆದು ಹೋಗಿ ಮೂರು ಬಾಟಲಿಗಳಲ್ಲಿ ನೀರು ತುಂಬಿಕೊಂಡು ಬಂದಳು. ಮಾರನೆಯ ದಿನ ಮೇಷ್ಟ್ರ ಮೇಜಿನ ಮೇಲೆ ಅರ್ಧ ಪುಟದ ಬರಹ ಇತ್ತು. ನನಗೆ ಅದು ಇವತ್ತಿಗೂ ಹೆಚ್ಚುಕಡಿಮೆ ಬಾಯಿಗೆ ಬರುತ್ತದೆ.

“ಮೊದಲನೇ ಬಾಟಲಿ ಪಲ್ಪರ್‌ಗಿಂತ ಮೇಲೆ ತುಂಬಿದ್ದು. ಇದರ ಹಿಂದೆ ನನ್ನ ಬೆರಳು ಇಟ್ಟರೆ ಕಾಣುತ್ತದೆ. ಎರಡನೆಯದು ಪಲ್ಪರ್‌ಗಿಂತ ಕೆಳಗೆ ತುಂಬಿದ್ದು. ಬೆರಳು ಕಾಣುವುದಿಲ್ಲ. ಮೂರನೆಯದು ನಮ್ಮ ಹಾಸ್ಟೆಲಿನ ನಲ್ಲಿಯಲ್ಲಿ ತುಂಬಿದ್ದು. ಇದರಲ್ಲೂ ಬೆರಳು ಕಾಣುವುದಿಲ್ಲ. ನಲವತ್ತೆರಡು ಹುಡುಗಿಯರು ಕುಡಿಯುತ್ತಿರುವುದು ಮೂರನೇ ಬಾಟಲಿಯ ನೀರು. ನಾನು ಹಾಸ್ಟೆಲಿನವಳಲ್ಲ, ನನಗೆ ಮನೆಯಲ್ಲಿ ಬಾವಿ ಇದೆ. ಅದಕ್ಕೇ ಬರೆಯಲು ನನಗೆ ಹೆದರಿಕೆ ಕಡಿಮೆ.”

ಮೇಷ್ಟ್ರು ನನಗೆ ಅದನ್ನು ಎರಡು ಸಲ ಓದಿ ಹೇಳಿದರು. ನಾನು ಕೇಳಿದೆ: “ಸರ್, ಆ ಪಲ್ಪರ್ ಯಾರದ್ದು ಅಂತ ಗೊತ್ತಲ್ವಾ?”

“ಗೊತ್ತು ಮಾರಾಯ. ಹೆಸರು ಎಲ್ಲೂ ಬರೆದಿಲ್ವಲ್ಲ. ಇದ್ದದ್ದು ಇದ್ದ ಹಾಗೆ ಬರೆದಿದಾಳೆ. ಇಂಥ ಕೊನೇ ಸಾಲು ಬರೆಯೋಕೆ ನಂಗೆ ಬರಲ್ಲ, ಚನ್ನಕೇಶವ.”

ಎರಡು ಕಾಗುಣಿತ ತಿದ್ದಿ, ಮೂಲೆಯಲ್ಲಿ ‘ಸೋ’ ಬರೆದರು. ಹಾಳೆಯನ್ನು ತಾವೇ ಹಲಗೆಗೆ ಅಂಟಿಸಿ ಬೀಗ ಹಾಕಿದರು.

ಅದು ಗೋಡೆಯ ಮೇಲಿದ್ದದ್ದು ಒಂದೂವರೆ ದಿನ. ಮಂಗಳವಾರ ಮಧ್ಯಾಹ್ನ ಅಟೆಂಡರ್ ಕೆಂಚಯ್ಯ ಬಂದು, “ಪ್ರಿನ್ಸಿಪಾಲ್ ಸಾಹೇಬ್ರು ಬೀಗದ ಕೈ ಕೇಳ್ತಾ ಇದಾರೆ, ನೀವೂ ಬರ್ಬೇಕಂತೆ” ಎಂದ. ಮೇಷ್ಟ್ರು ಅವತ್ತು ನೀರು ಕುಡಿಯುವುದನ್ನೂ ಮರೆತು ಎದ್ದರು.

ಚೇಂಬರಿನಲ್ಲಿ ಏನಾಯಿತು ಎಂಬುದನ್ನು ಅವರು ನನಗೆ ಹೇಳಿದ್ದು ಏಳು ವರ್ಷಗಳ ಮೇಲೆ. ಪ್ರಿನ್ಸಿಪಾಲರ ಜೊತೆ ಅಧ್ಯಕ್ಷರೂ ಕೂತಿದ್ದರಂತೆ. ಯಾರೂ ಗದರಿಸಲಿಲ್ಲ. ಕಾಫಿ ತರಿಸಿದರು. ಆಮೇಲೆ ಪ್ರಿನ್ಸಿಪಾಲರು, “ನಿಮ್ಮ ಅನುಮೋದನೆ ಫೈಲು ಈ ತಿಂಗಳು ಬೆಂಗಳೂರಿಗೆ ಹೋಗ್ತಾ ಇದೆ, ಮೇಷ್ಟ್ರೇ. ಹದಿನಾಲ್ಕು ವರ್ಷ ಕಾದಿದೀರಿ” ಎಂದರು. ಸ್ವಲ್ಪ ಬಿಟ್ಟು, “ಹುಡುಗಿ ಬೀಗದ ಕೈ ಇಸ್ಕೊಂಡು ಹೋಗಿ, ನಿಮಗೆ ತೋರಿಸದೇ ಅಂಟಿಸಿದಾಳೆ. ಹಾಗೇ ಅಲ್ವಾ ಆಗಿರೋದು?” ಎಂದು ಕೇಳಿದರು. ಹಲಗೆಯಿಂದ ಕಿತ್ತ ಹಾಳೆ ಮೇಜಿನ ಮೇಲೆಯೇ ಇತ್ತು. ಕೆಂಪು ‘ಸೋ’ ಇದ್ದ ಮೂಲೆ ಹರಿದುಹೋಗಿತ್ತು. ಕೀಳುವಾಗ ಹರಿಯಿತೋ, ಬೇಕೆಂದೇ ಹರಿದರೋ ಮೇಷ್ಟ್ರಿಗೆ ತಿಳಿಯಲಿಲ್ಲ. ಅವರು ಒಂದು ಬಿಳಿ ಹಾಳೆ ತೆಗೆದುಕೊಂಡು ಆ ಪ್ರಕಾರವೇ ಬರೆದುಕೊಟ್ಟರು.

ಗುರುವಾರ ವಿಚಾರಣೆ ನಡೆಯಿತು. ಐದು ಜನರ ಎದುರು ಇಸ್ಮತ್‌ಳನ್ನು ನಿಲ್ಲಿಸಿ ಮೇಷ್ಟ್ರ ಹೇಳಿಕೆ ಓದಿದರು. ಅವಳು ನಂಬದವಳ ಹಾಗೆ ಮೇಷ್ಟ್ರ ಕಡೆ ತಿರುಗಿದಳು.

“ಸರ್, ನೀವು ಓದಿದ್ರಲ್ಲ? ಕಾಗುಣಿತ ತಿದ್ದಿದ್ರಲ್ಲ?”

“ನಂಗೆ ಜ್ಞಾಪಕ ಇಲ್ಲಮ್ಮ” ಎಂದರು ಮೇಷ್ಟ್ರು.

ವಿಚಾರಣೆಯವರು ಅವಳಿಗೆ, ಕ್ಷಮಾಪಣೆ ಬರೆದುಕೊಟ್ಟರೆ ನೋಡೋಣ ಎಂದರಂತೆ. ನೀರಿನ ಬಗ್ಗೆ ಬರೆದದ್ದು ಸುಳ್ಳು ಎಂದು ಅದರಲ್ಲಿರಬೇಕು ಎಂದರು. ಅವಳು ಬರೆಯಲಿಲ್ಲ. ಹಾಸ್ಟೆಲಿನ ಹುಡುಗಿಯರನ್ನೂ ಕರೆಸಿದ್ದರು. ಇನ್ನೂ ಸರಿಯಾಗಿ ನಿಲ್ಲಲಾರದ ರೂಪಶ್ರೀ ಕೂಡ ತಂದೆಯ ಪಕ್ಕದಲ್ಲಿ ನಿಂತು, “ನೀರು ಚೆನ್ನಾಗೇ ಇದೆ” ಎಂದಳು. ಮರುವಾರ ಇಸ್ಮತ್‌ಗೆ ಟಿ.ಸಿ. ಕೊಟ್ಟರು. ನಡತೆ ಎಂಬ ಕಾಲಮ್ಮಿನ ಎದುರು ‘ತೃಪ್ತಿಕರವಲ್ಲ’ ಎಂದು ಟೈಪ್ ಮಾಡಿತ್ತು. ಅವಳು ಎರಡನೇ ಬಿ.ಎ.ಯಲ್ಲಿದ್ದಳು.

ನಾನು ಆ ವಾರವೆಲ್ಲ ಏನು ಮಾಡಿದೆ ಎಂದು ಯಾರಾದರೂ ಕೇಳಿದರೆ ಹೇಳಲು ಏನೂ ಇಲ್ಲ. ಮೇಷ್ಟ್ರು ಅದನ್ನು ಓದಿದ್ದಕ್ಕೆ ನಾನು ಸಾಕ್ಷಿಯಾಗಿದ್ದೆ. ನನ್ನನ್ನು ಯಾರೂ ಕರೆಯಲಿಲ್ಲ, ನಾನಾಗಿ ಹೋಗಲಿಲ್ಲ.

ಅದಾಗಿ ಒಂದು ತಿಂಗಳಿಗೆ, ಒಂದು ಸಂಜೆ ಮೇಷ್ಟ್ರ ಜಗುಲಿಯಲ್ಲಿ ನಾವಿಬ್ಬರೂ ಕೂತಿದ್ದಾಗ ಮಜೀದ್ ಸಾಹೇಬರು ಬಂದರು. ತಿಕ್ಕಿ ತೊಳೆದರೂ ಉಗುರಿನ ಸಂದಿಯ ಗ್ರೀಸ್ ಹೋಗಿರಲಿಲ್ಲ. ಕೈಯಲ್ಲಿ ಒಂದು ಚಿಪ್ಪು ಬಾಳೆಹಣ್ಣು. ಜಗಳಕ್ಕೆ ಬಂದಿದ್ದಾರೆ ಎಂದುಕೊಂಡು ಮೇಷ್ಟ್ರು ಎದ್ದು ನಿಂತುಬಿಟ್ಟರು.

“ಕೂತ್ಕೊಳ್ಳಿ ಮೇಷ್ಟ್ರೇ, ಕೂತ್ಕೊಳ್ಳಿ” ಎಂದು ಮಜೀದ್ ಸಾಹೇಬರು ಮೆಟ್ಟಿಲ ಮೇಲೆ ಕೂತರು. “ಚಿಕ್ಕಮಗಳೂರಲ್ಲಿ ಕೇಳ್ದೆ, ಹಾಸನದಲ್ಲೂ ಕೇಳ್ದೆ. ಆ ಒಂದು ಸಾಲು ನೋಡಿ ಸೇರಿಸ್ಕೊಳ್ಳಲ್ಲ ಅಂತಾರೆ. ಇರ್ಲಿ, ಅದಕ್ ಬಂದಿದ್ದಲ್ಲ ನಾನು. ನಿಮ್ ಹತ್ರ ಮಾಫಿ ಕೇಳೋಣ ಅಂತ ಬಂದೆ. ನಂಬಿ ಬೀಗದ ಕೈ ಕೊಟ್ಟಿದ್ರಿ, ನಮ್ ಹುಡ್ಗಿ ನಿಮ್ಗೆ ಮೋಸ ಮಾಡಿದ್ಲು. ನೀವು ನೋಡಿದ್ರಿ ಅಂತ ಮನೇಲಿ ಈಗ್ಲೂ ಹಟ ಹಿಡೀತಾಳೆ. ಮೇಷ್ಟ್ರು ಸುಳ್ಳು ಹೇಳ್ತಾರೇನೇ ಅಂತ ನಾನು ಜೀವಮಾನದಲ್ಲಿ ಮೊದಲ್ನೇ ಸಲ ಅವಳ ಮೇಲೆ ಕೈ ಮಾಡ್ದೆ.”

ಮೇಷ್ಟ್ರು ನಿಜ ಹೇಳುತ್ತಾರೆ ಎಂದು ನಾನು ಕಾದೆ. ಅವರು, “ಕಾಫಿ ಕುಡೀರಿ” ಎಂದರು. ಮಜೀದ್ ಸಾಹೇಬರು ಕಾಫಿ ಕುಡಿದು, ಎರಡೂ ಕೈ ಮುಗಿದು ಹೋದರು. ಆ ಹಣ್ಣುಗಳನ್ನು ಮೇಷ್ಟ್ರ ಮನೆಯಲ್ಲಿ ಯಾರೂ ಮುಟ್ಟಲಿಲ್ಲ. ನಾಲ್ಕೈದು ದಿನ ಕಿಟಕಿಯಲ್ಲೇ ಇದ್ದು ಕಪ್ಪಾದವು.

ಮುಂದಿನ ಬೇಸಿಗೆಯಲ್ಲಿ ಯಾವ ಸಮಾರಂಭವೂ ಇಲ್ಲದೆ ಹಾಸ್ಟೆಲಿನ ಹಿಂದೆ ಒಂದು ಬೋರ್‌ವೆಲ್ ಕೊರೆಸಿದರು. ಹಳ್ಳದ ಪೈಪನ್ನು ಕಿತ್ತರು. ಹಾಸ್ಟೆಲಿನಲ್ಲಿ ಆಮೇಲೆ ಯಾರಿಗೂ ಹಾಗೆ ಕಾಯಿಲೆ ಬರಲಿಲ್ಲ. 1998ರಲ್ಲಿ ಮೇಷ್ಟ್ರ ಅನುಮೋದನೆ ಬಂತು. ನಾವು ಕೈ ಕುಲುಕಿದೆವು. ಅವರು ಆ ಆದೇಶದ ಪ್ರತಿಯನ್ನು ಮಡಿಸಿ ಡ್ರಾಯರಿನಲ್ಲಿ ಹಾಕಿ ಕ್ಲಾಸಿಗೆ ಹೊರಟುಹೋದರು. ‘ಹೂಮಳೆ’ ಮತ್ತೆ ಬರಲಿಲ್ಲ. ಗಾಜಿನ ಹಲಗೆಯಲ್ಲಿ ಪರೀಕ್ಷೆಯ ವೇಳಾಪಟ್ಟಿ, ಕಬಡ್ಡಿ ತಂಡದ ಹೆಸರುಗಳು ಬಂದವು. ಹುಡುಗರು ಏನಾದರೂ ಬರೆದು ತಂದರೆ, “ಚೆನ್ನಾಗಿದೆ, ಇಟ್ಕೋ” ಎಂದು ಓದದೆ ಹಿಂದಕ್ಕೆ ಕೊಡುತ್ತಿದ್ದರು. ಅವರ ಜೇಬಿನಲ್ಲಿ ಕೆಂಪು ಪೆನ್ನು ಯಾವಾಗಿನಿಂದ ಇಲ್ಲವಾಯಿತೋ ನಾನು ಗಮನಿಸಲೂ ಇಲ್ಲ.

ಇಸ್ಮತ್ ಮನೆಯಲ್ಲಿ ಎರಡು ವರ್ಷ ಕೂತು, ಆಮೇಲೆ ಟೈಪಿಂಗ್ ಕಲಿತು, ಬಣಕಲ್‌ನಲ್ಲಿ ಒಂದು ಜೆರಾಕ್ಸ್ ಅಂಗಡಿ ಇಟ್ಟಳು. ಪಹಣಿಗೆ, ಪಿಂಚಣಿಗೆ, ರೇಷನ್ ಕಾರ್ಡಿಗೆ ಅರ್ಜಿ ಬರೆದುಕೊಡುತ್ತಿದ್ದಳು. ಜಾಹಿದ್ ಎಂಬ ಡ್ರೈವರನ್ನು ಮದುವೆಯಾಗಿ ಅಲ್ಲೇ ಉಳಿದಳು. ಪರೀಕ್ಷೆಯ ಕೆಲಸಕ್ಕೆಂದು ನಾವು ಘಟ್ಟದ ಕೆಳಗಿನ ಕಾಲೇಜುಗಳಿಗೆ ಹೋಗಬೇಕಾದಾಗ ಬಸ್ಸು ಬಣಕಲ್‌ನಲ್ಲಿ ನಿಲ್ಲುತ್ತಿತ್ತು. ಮೇಷ್ಟ್ರು ಅಂಗಡಿ ಕಾಣದ ಕಡೆಯ ಕಿಟಕಿಗೆ ಮೊದಲೇ ಜಾಗ ಹಿಡಿಯುತ್ತಿದ್ದರು. 2001ರಲ್ಲಿ ಮಜೀದ್ ಸಾಹೇಬರು ತೀರಿಹೋದರು. ಬಸ್ಸಿನಲ್ಲಿ ಯಾರೋ ಹೇಳಿದಾಗ ಮೇಷ್ಟ್ರು, “ಯಾವ ಮಜೀದು?” ಎಂದು ಕೇಳಿದರು. ಯಾವ ಮಜೀದ್ ಎಂದು ಅವರಿಗೆ ಗೊತ್ತಿತ್ತು.

2004ರ ಆಗಸ್ಟಿನಲ್ಲಿ ಪೇಪರಿನ ಒಳಪುಟದಲ್ಲಿ ಒಂದು ಸುದ್ದಿ ಬಂತು. ಹಿಂದೆ ಉಪಾಧ್ಯಾಯರಾಗಿದ್ದ ವಿಧಾನ ಪರಿಷತ್ತಿನ ಸದಸ್ಯರೊಬ್ಬರು ವಿದ್ಯಾರ್ಥಿಗಳ ಅಭಿವ್ಯಕ್ತಿ ಸ್ವಾತಂತ್ರ್ಯವನ್ನು ರಕ್ಷಿಸುವ ಒಂದು ಖಾಸಗಿ ವಿಧೇಯಕ ಮಂಡಿಸಲಿದ್ದಾರೆ. ಅದಕ್ಕೆ ಮುಂಚೆ ಜಿಲ್ಲೆಗಳಲ್ಲಿ ಜನರ ಅಭಿಪ್ರಾಯ ಕೇಳುತ್ತಾರೆ. ಚಿಕ್ಕಮಗಳೂರಿನ ಸಭೆ ಮುಂದಿನ ತಿಂಗಳು. ಕರಡಿನ ಮುಖ್ಯ ಕಲಮನ್ನೂ ಅಚ್ಚು ಹಾಕಿದ್ದರು. ಕಾಲೇಜಿನ ಆವರಣದಲ್ಲಿ ವಿದ್ಯಾರ್ಥಿಯು ಶಾಂತಿಯುತವಾಗಿ ಆಡಿದ ಮಾತಿಗಾಗಲಿ ಬರೆದ ಬರಹಕ್ಕಾಗಲಿ ಅವನನ್ನು ಹೊರಹಾಕತಕ್ಕದ್ದಲ್ಲ, ವರ್ಗಾವಣೆ ಪತ್ರದಲ್ಲಿ ಅವನ ನಡತೆಯನ್ನು ಕೆಟ್ಟದೆಂದು ನಮೂದಿಸತಕ್ಕದ್ದಲ್ಲ, ಹಾಗೆ ಆದರೆ ಮೇಲ್ಮನವಿ ಕೇಳಲು ಕಾಲೇಜಿನ ಹೊರಗಿನ ಒಂದು ಮಂಡಳಿ ಇರತಕ್ಕದ್ದು ಎಂದಿತ್ತು.

ಮೇಷ್ಟ್ರು ಪೇಪರನ್ನು ನನ್ನ ಮೇಜಿನಿಂದ ಎತ್ತಿಕೊಂಡರು. ಬಹಳ ಹೊತ್ತು ಓದಿದರು. ಆಮೇಲೆ ನನ್ನ ಪೆನ್ನು ಕೇಳಿ, ‘ವಿದ್ಯಾರ್ಥಿಯು’ ಎಂಬುದರ ಮುಂದೆ ‘ಅಥವಾ ವಿದ್ಯಾರ್ಥಿನಿಯು’ ಎಂದು ಸೇರಿಸಿದರು. ಪೆನ್ನು ಕೆಳಗಿಟ್ಟು, ಅವತ್ತು ಆ ಚೇಂಬರಿನಲ್ಲಿ ನಡೆದದ್ದನ್ನೆಲ್ಲ ನನಗೆ ಹೇಳಿದರು. ಕೊನೆಗೆ, “ಭಾನುವಾರ ಬಣಕಲ್‌ಗೆ ನನ್ನ ಜೊತೆ ಬರ್ತೀಯಾ?” ಎಂದು ಕೇಳಿದರು.

ಅಂಗಡಿಯಲ್ಲಿ ಇಸ್ಮತ್ ಒಬ್ಬಳೇ ಇದ್ದಳು. ಮಗಳು ನೌರೀನ್ ಕೌಂಟರಿನ ಹಿಂದೆ ನೆಲದ ಮೇಲೆ ಕೂತು ಸ್ಲೇಟಿನಲ್ಲಿ ಗೀಚುತ್ತಿತ್ತು. ಮೇಷ್ಟ್ರನ್ನು ಕಂಡು ಇಸ್ಮತ್ ಎದ್ದು ನಿಂತಳು. ಹಳೇ ಅಭ್ಯಾಸ. ಸ್ಟೂಲು ಒರೆಸಿ ಮುಂದಿಟ್ಟಳು. ಮೇಷ್ಟ್ರು ಕೂರಲಿಲ್ಲ.

“ನಾನು ಅವತ್ತು ಸುಳ್ಳು ಹೇಳಿದೆ, ಇಸ್ಮತ್.”

“ಗೊತ್ತು ಸರ್.”

“ಚಿಕ್ಕಮಗಳೂರಲ್ಲಿ ಒಂದು ಸಭೆ ಇದೆ. ಅಲ್ಲಿ ಎಲ್ಲರ ಎದುರು ಹೇಳೋಣ ಅಂತಿದೀನಿ. ನೀನು ಒಪ್ಪಿದ್ರೆ.”

ಇಸ್ಮತ್ ಕೇಳಿದಳು: “ನಾನು ಬರೆದಿದ್ರಲ್ಲಿ ಏನಾದ್ರೂ ತಪ್ಪಿತ್ತಾ ಸರ್?”

“ಇರ್ಲಿಲ್ಲಮ್ಮ. ಎರಡು ಕಾಗುಣಿತ ಬಿಟ್ರೆ ಏನೂ ಇರ್ಲಿಲ್ಲ.”

ಅವಳು ಅಳುತ್ತಾಳೇನೋ ಅಂದುಕೊಂಡೆ. ಅಳಲಿಲ್ಲ. “ಕಾಲೇಜು ಹೋಗಿದ್ದು ಹೋಯ್ತು, ಅದಕ್ಕೆ ನಾನೇನೂ ಬೇಜಾರ್ ಮಾಡ್ಕೊಂಡಿಲ್ಲ. ಅಬ್ಬಾ ಸಾಯೋ ಮುಂಚೆ ನನ್ನ ಹತ್ರ ಕೂತ್ಕೊಂಡು, ‘ಆಗಿದ್ದಾಯ್ತು, ಈಗಾದ್ರೂ ನಿಜ ಹೇಳಮ್ಮ, ಅವತ್ತು ಮೇಷ್ಟ್ರಿಗೆ ತೋರಿಸಿರ್ಲಿಲ್ಲ ಅಲ್ವಾ’ ಅಂದ್ರು. ಕಾಯಿಲೆ ಮನುಷ್ಯ. ಹೌದು ಅಬ್ಬಾ, ತೋರಿಸಿರ್ಲಿಲ್ಲ ಅಂದೆ. ಅವರಿಗೆ ಸಮಾಧಾನ ಆಯ್ತು. ನಿಮ್ಮ ಮೇಲಿನ ನಂಬಿಕೆ ಇಟ್ಕೊಂಡೇ ಹೋದ್ರು, ಸರ್.”

ಮೇಷ್ಟ್ರು ಆಗ ಆ ಸ್ಟೂಲಿನ ಮೇಲೆ ಕೂತರು. ಹೊರಗೆ ಧರ್ಮಸ್ಥಳದ ಬಸ್ಸು ಬಂತು, ಹೋಯಿತು.

“ಹೋಗಿ ಹೇಳಿ ಸರ್,” ಎಂದಳು ಇಸ್ಮತ್ ಕೊನೆಗೆ. “ನನ್ನ ಹೆಸರೂ ಹೇಳಿ. ನಾನು ಬರಲ್ಲ.”

ಚಿಕ್ಕಮಗಳೂರಿನ ಆ ಸಭೆಗೆ ನಾನೂ ಹೋದೆ. ಸುಮಾರು ನಲವತ್ತು ಜನ. ವಕೀಲರೊಬ್ಬರು ಅರ್ಧ ಗಂಟೆ ಸಂವಿಧಾನದ ಬಗ್ಗೆ ಮಾತಾಡಿದರು. ಇಬ್ಬರು ಪ್ರಿನ್ಸಿಪಾಲರು ಇಂಥ ಕಾನೂನು ಬಂದರೆ ಶಿಸ್ತು ಹಾಳಾಗುತ್ತದೆ ಎಂದರು. ಮೇಷ್ಟ್ರ ಸರದಿ ಬಂದಾಗ ಅವರು ಬರೆದು ತಂದಿದ್ದ ಚೀಟಿಯನ್ನು ಜೇಬಿನಲ್ಲಿಟ್ಟುಕೊಂಡರು. ತಮ್ಮ ಹೆಸರು, ಕಾಲೇಜಿನ ಹೆಸರು, ಇಸ್ಮತ್‌ಳ ಹೆಸರು ಹೇಳಿದರು. ಅವಳು ಬರೆದದ್ದನ್ನು ಬಾಯಿಪಾಠವಾಗಿ ಹೇಳಿದರು. ತಾವು ಓದಿ, ಒಪ್ಪಿ, ಸಹಿ ಹಾಕಿ, ಆಮೇಲೆ ಇಲ್ಲ ಎಂದದ್ದನ್ನು ಹೇಳಿದರು.

ಸದಸ್ಯರು ಮೆಲ್ಲಗೆ ಕೇಳಿದರು: “ಆಗ ಈ ಕಾನೂನು ಇದ್ದಿದ್ರೆ ನೀವು ನಿಜ ಹೇಳ್ತಿದ್ರಾ?”

“ಹೇಳ್ತಿದ್ದೆ ಅಂತ ಎದೆ ತಟ್ಟಿ ಹೇಳೋಕಾಗಲ್ಲ ಸ್ವಾಮಿ. ನಾನು ಅಂಥ ಧೈರ್ಯಸ್ಥ ಅಲ್ಲ. ಆದ್ರೆ ಕಾನೂನು ಇದ್ದಿದ್ರೆ ಆ ಹುಡುಗಿಗೆ ನಾನೊಬ್ಬನೇ ಗತಿ ಆಗ್ತಿರ್ಲಿಲ್ಲ.”

ನಾನು ಎದ್ದು, ‘ಹೌದು, ನಾನೂ ಅಲ್ಲಿದ್ದೆ, ಅವರು ಓದಿದ್ದು ನಿಜ’ ಎಂದು ಹೇಳಬಹುದಿತ್ತು. ನನಗಿನ್ನೂ ಹದಿನೈದು ವರ್ಷ ಸರ್ವೀಸ್ ಇತ್ತು. ಕುರ್ಚಿಯ ಹಿಡಿಯ ಮೇಲೆ ಕೈ ಇಟ್ಟೆ, ಏಳಲಿಲ್ಲ.

ಮಾರನೆಯ ದಿನದ ಪೇಪರಿನಲ್ಲಿ ಆರು ಸಾಲು ಬಂತು. ಕಾಲೇಜಿನಿಂದ ಮೇಷ್ಟ್ರಿಗೆ ನೋಟೀಸು ಬಂತು: ಸಂಸ್ಥೆಯ ಹೆಸರಿಗೆ ಮಸಿ ಬಳಿದದ್ದಕ್ಕೆ ಕಾರಣ ಕೇಳಿ. ಅವರು ಒಂದೇ ಸಾಲಿನ ಉತ್ತರ ಬರೆದರು: ‘ನಾನು ಹೇಳಿದ್ದು ನಿಜ.’ ಜೊತೆಗೆ ಇಸ್ಮತ್‌ಳ ಟಿ.ಸಿ.ಯ ಆ ಸಾಲನ್ನು ತಿದ್ದಿಕೊಡಬೇಕೆಂದು ಒಂದು ಅರ್ಜಿ ಕೊಟ್ಟರು. ಹಳೆಯ ದಾಖಲೆ ತಿದ್ದಲು ಅವಕಾಶವಿಲ್ಲ ಎಂದು ಕಚೇರಿ ಹಿಂದಕ್ಕೆ ಕಳಿಸಿತು. 2005ರ ಮೇ ತಿಂಗಳಲ್ಲಿ ಮೇಷ್ಟ್ರು ನಿವೃತ್ತರಾದರು. ಬೀಳ್ಕೊಡುಗೆ ಇರಲಿಲ್ಲ. ಕೆಂಚಯ್ಯ ಮತ್ತು ನಾನು ಅವರ ಪುಸ್ತಕಗಳ ಗಂಟನ್ನು ಮನೆಯವರೆಗೂ ಹೊತ್ತುಕೊಂಡು ಹೋದೆವು.

ವಿಧೇಯಕ ಸದನದ ಕಲಾಪಪಟ್ಟಿಯಲ್ಲಿ ಎರಡು ಸಲ ಬಂತು. ಎರಡು ಸಲವೂ ಬೇರೆ ಯಾವುದೋ ಗದ್ದಲದಲ್ಲಿ ಸದನವನ್ನು ಮುಂದೂಡಿದರು. ಅಷ್ಟರಲ್ಲಿ ಆ ಸದಸ್ಯರ ಅವಧಿ ಮುಗಿಯಿತು. ಮತ್ತೆ ನಿಂತರು, ಗೆಲ್ಲಲಿಲ್ಲ. ಕರಡನ್ನು ಇನ್ನು ಯಾರೂ ಕೈಗೆತ್ತಿಕೊಳ್ಳಲಿಲ್ಲ.

ಮೇಷ್ಟ್ರು ಮಾತ್ರ ಬಿಡಲಿಲ್ಲ. ಊರಿಗೆ ವಾಪಸು ಹೋಗುತ್ತಾರೆ ಎಂದು ನಾವು ತಿಳಿದಿದ್ದೆವು. ಅವರು ಅದೇ ವಠಾರದಲ್ಲಿ ಉಳಿದರು. ಕಳಸ, ಕೊಪ್ಪ, ಸಕಲೇಶಪುರ, ಚಿಕ್ಕಮಗಳೂರು ಎಂದು ಬಸ್ಸು ಹತ್ತಿ ಹೋಗಿ, ಬರೆದದ್ದಕ್ಕೋ ಮಾತಾಡಿದ್ದಕ್ಕೋ ಕಾಲೇಜು ಬಿಡಬೇಕಾಗಿ ಬಂದವರನ್ನು ಹುಡುಕಿದರು. ಹಾಜರಾತಿಯಲ್ಲಿ ಮೋಸ ಇದೆ ಎಂದು ಕರಪತ್ರ ಹಂಚಿದವನು, ವಾರ್ಷಿಕೋತ್ಸವದ ನಾಟಕದಲ್ಲಿ ಪ್ರಿನ್ಸಿಪಾಲರ ನಡಿಗೆ ಅನುಕರಿಸಿದವನು, ಉಪನ್ಯಾಸಕನೊಬ್ಬನ ಮೇಲೆ ದೂರು ಕೊಟ್ಟ ಹುಡುಗಿ. ಮೂರು ವರ್ಷಗಳಲ್ಲಿ ಹತ್ತೊಂಬತ್ತು ಜನ ಸಿಕ್ಕರು. ಅವರು ಹೇಳಿದ್ದನ್ನೆಲ್ಲ ಬರೆದುಕೊಂಡು ಬಣಕಲ್‌ಗೆ ತರುತ್ತಿದ್ದರು. ಇಸ್ಮತ್ ಟೈಪ್ ಮಾಡುತ್ತಿದ್ದಳು. ಕೌಂಟರಿನ ಆ ಕಡೆ ಅವಳು, ಈ ಕಡೆ ಸ್ಟೂಲಿನ ಮೇಲೆ ಮೇಷ್ಟ್ರು. ಒಂದು ಪದಕ್ಕೆ ಇಬ್ಬರೂ ಚರ್ಚೆ ಮಾಡುವುದನ್ನು ನಾನು ಕಂಡಿದ್ದೇನೆ. ನೌರೀನ್‌ಗೆ ಅವರು ಕಾಗುಣಿತ ಕಲಿಸುತ್ತಿದ್ದರು. ಇಸ್ಮತ್ ಅವರನ್ನು ಕ್ಷಮಿಸಿದ್ದಳೋ ಇಲ್ಲವೋ ನನಗೆ ಗೊತ್ತಿಲ್ಲ. ಅವರೂ ಕೇಳಿರಲಿಕ್ಕಿಲ್ಲ. ಆ ಹಾಳೆಗಳ ಪ್ರತಿಗಳನ್ನು ಪರಿಷತ್ತಿನ ಹತ್ತಾರು ಸದಸ್ಯರಿಗೆ ಕಳಿಸಿದರು. ಒಬ್ಬರಿಂದ ಹೊಸ ವರ್ಷದ ಶುಭಾಶಯ ಪತ್ರ ಬಂತು.

2008ರ ಫೆಬ್ರುವರಿಯಲ್ಲಿ, ಕೊಪ್ಪದಿಂದ ಬರುವಾಗ ಬಸ್ಸಿನಲ್ಲೇ ಮೇಷ್ಟ್ರಿಗೆ ಎದೆನೋವು ಬಂತು. ಆಸ್ಪತ್ರೆ ತಲುಪುವಷ್ಟರಲ್ಲಿ ಹೋಗಿಬಿಟ್ಟಿದ್ದರು. ಕಡೂರಿನ ಕಡೆಗೆ ಒಯ್ದು ಹೊ‌ಲದಲ್ಲಿ ಮಣ್ಣು ಮಾಡಿದರು. ಇಸ್ಮತ್, ಜಾಹಿದ್ ಇಬ್ಬರೂ ಜೀಪಿನಲ್ಲಿ ಅಷ್ಟು ದೂರ ಬಂದಿದ್ದರು. ಜನರಿಂದ ಆಚೆ ಒಂದು ಹುಣಸೆ ಮರದ ಕೆಳಗೆ ನಿಂತಿದ್ದರು.

ತಿಂಗಳಾದ ಮೇಲೆ ಮೇಷ್ಟ್ರ ಮನೆಯವರು ಕೊಟ್ಟ ಕಾಗದಗಳನ್ನು ತಲುಪಿಸಲು ನಾನು ಅವಳ ಅಂಗಡಿಗೆ ಹೋದೆ. ಹತ್ತೊಂಬತ್ತು ಜನರ ಹೇಳಿಕೆಗಳು ರಟ್ಟಿನ ಫೈಲಿನಲ್ಲಿ ಸಾಲಾಗಿದ್ದವು. ನಾನು ಹಾಳೆ ತಿರುವಿ ನೋಡಿದೆ.

“ನಿಂದು ಇದ್ರಲ್ಲಿ ಇಲ್ವಲ್ಲ, ಇಸ್ಮತ್?”

“ಮೇಷ್ಟ್ರೂ ತುಂಬಾ ಸಲ ಕೇಳಿದ್ರು. ನೀನು ಹೇಳು, ನಾನು ಬರ್ಕೋತೀನಿ ಅಂದ್ರು. ಕೂತ್ರೂ ಹೇಳೋಕೆ ಬರಲಿಲ್ಲ ಸರ್. ಬೇರೆಯವ್ರದ್ದು ಎಷ್ಟ್ ಬೇಕಾದ್ರೂ ಬರೀತೀನಿ.” ಅವಳು ಫೈಲಿಗೆ ದಾರ ಕಟ್ಟಿದಳು. “ಅಬ್ಬಾ ಹತ್ರ ನಾನೇ ಸುಳ್ಳು ಹೇಳಿದ್ದೆ ಅಂತ ಒಪ್ಕೊಂಡ್ಬಿಟ್ಟಿದೀನಲ್ಲ. ಈಗ ನಿಜ ಅಂತ ಯಾರಿಗೆ ಬರೀಲಿ?”

ಪಿಂಚಣಿ ಅರ್ಜಿ ಬರೆಸಲು ಪಾಪಮ್ಮ ಎಂಬ ತೋಟದ ಆಳು ಬಂದು ನಿಂತಿದ್ದಳು. ಇಸ್ಮತ್ ಸ್ಟೂಲನ್ನು ಅವಳ ಕಡೆ ಸರಿಸಿ, “ಕೂತ್ಕೊಳ್ಳಿ ಅಮ್ಮ, ಪೂರ್ತಿ ಹೆಸರು ಹೇಳಿ” ಎಂದಳು.